ದರಕು ಬೆಟ್ಟದಲ್ಲೇ ಬಿಟ್ಟೆ, ಅಬ್ಬಿ ಬತ್ತಲಿಲ್ಲ: ನನ್ನ ಅನುಭವ

2024ರ ಬೇಸಿಗೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಹಿಂದಿನ ವರ್ಷದ ಆಗಸ್ಟ್ ಒಣಗಿಯೇ ಹೋಗಿತ್ತು. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಬಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಶಿರಸಿ-ಸಿದ್ದಾಪುರದ ನಮ್ಮ ಅಡಿಕೆ ಕಣಿವೆಗಳಲ್ಲಿ ಮಾರ್ಚ್ ಹೊತ್ತಿಗೇ ಹಳ್ಳಗಳು ಬತ್ತಿದವು. ಸಿಂಗಾರ ಕರಟಿತು. ಎಳೆಕಾಯಿ ಮರದ ಬುಡದಲ್ಲಿ ಹಾಸಿ ಬಿತ್ತು. ಅಂಥ ವರ್ಷದಲ್ಲೂ ನಮ್ಮ ಅಬ್ಬಿ (ಬೆಟ್ಟದ ಒರತೆ) ಮೇ ಎರಡನೇ ವಾರದವರೆಗೆ ಹರಿಯಿತು. ಸಣ್ಣಗೆ, ಆದರೆ ನಿಲ್ಲದೆ.

ಅದಕ್ಕೂ ಏಳೆಂಟು ವರ್ಷ ಮೊದಲು ಇದೇ ಅಬ್ಬಿ ಒಳ್ಳೆ ಮಳೆಯಾದ ವರ್ಷವೂ ಫೆಬ್ರವರಿ ದಾಟುತ್ತಿರಲಿಲ್ಲ. ನಡುವೆ ನಾನು ಮಾಡಿದ ಮುಖ್ಯ ಕೆಲಸ ಒಂದೇ: ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ದರಕು, ಅಂದರೆ ಉದುರಿದ ಒಣಎಲೆ, ಗುಡಿಸುವುದನ್ನು ನಿಲ್ಲಿಸಿದೆ. ಇಂಗುಗುಂಡಿ, ಕಲ್ಲಿನ ತಡೆ ಎಲ್ಲ ಆಮೇಲೆ ಬಂದವು. ಆಗ ಇದನ್ನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರು ಎಲ್ಲರೆದುರೇ ಕೇಳಿದ್ದರು: "ದರಕೆಲ್ಲ ಬೆಟ್ಟದಲ್ಲೇ ಬಿಟ್ರೆ ತೋಟಕ್ಕೆ ಎಂತ ಹಾಕ್ತೆ ತಮಾ?" ಈಗ ಅವರ ಮಗ ಕೇಳಲು ಬರುತ್ತಿದ್ದಾನೆ. ಹಾಗಾಗಿ ಬರೆದುಬಿಡೋಣ ಅನ್ನಿಸಿತು.

ತೋಟ ಇದ್ದವರಿಗೆ ಕಣಿವೆಯ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮೇಲೆ ಬೆಟ್ಟ, ಅದರ ಸಂದಿನಲ್ಲಿ ತೋಟ, ತೋಟದ ಕೆಳಗೆ ಒಂದಿಷ್ಟು ಗದ್ದೆ, ಆಮೇಲೆ ಹಳ್ಳ. ನಮ್ಮ ಹಳ್ಳ ಅಘನಾಶಿನಿಗೆ ಸೇರುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಸಹ್ಯಾದ್ರಿ ಹತ್ತುವಾಗ ಸುರಿದ ನೀರನ್ನು ಬೆಟ್ಟ ನಾಲ್ಕು ತಿಂಗಳು ಕುಡಿಯುತ್ತದೆ, ಉಳಿದ ಎಂಟು ತಿಂಗಳು ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತದೆ. ಅಜ್ಜನ ಕಾಲದಿಂದ ತೋಟ ನಿಂತದ್ದು ಇದರ ಮೇಲೆಯೇ. ಪಂಪು ಅನ್ನುವುದು ನಮ್ಮ ಮನೆಗೆ ಬಂದದ್ದೇ ತಡವಾಗಿ. ಅಲ್ಲಿಯವರೆಗೆ ಅಬ್ಬಿಯಿಂದ ದಂಬೆ (ಸೀಳಿದ ಅಡಿಕೆ ಮರದ ಕಾಲುವೆ) ಹಾಕಿ ನೀರು ತರುತ್ತಿದ್ದರು.

ಕೆಟ್ಟದ್ದು ಎಲ್ಲಿ ಅಂದರೆ ಮಳೆ ಬೀಳುವ ರೀತಿಯಲ್ಲಿ. ನಮ್ಮ ಅಪ್ಪ ಡೈರಿಯಲ್ಲಿ ಮಳೆ ಬರೆದಿಡುತ್ತಿದ್ದರು. ನಾನೂ ಅದನ್ನೇ ಮುಂದುವರಿಸಿದ್ದೇನೆ. ವರ್ಷದ ಮೊತ್ತ ನೋಡಿದರೆ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ದಿನಗಳನ್ನು ಎಣಿಸಿದರೆ ಕಾಣುತ್ತದೆ. ಅಪ್ಪನ ಡೈರಿಯಲ್ಲಿ ಆರಿದ್ರಾದಿಂದ ಆಶ್ಲೇಷಾವರೆಗೆ ದಿನಾ 30, 40, 50 ಮಿ.ಮೀ. ಸಾಲಾಗಿ ಇವೆ. ನನ್ನದರಲ್ಲಿ ಹತ್ತು ದಿನ ಸೊನ್ನೆ, ಆಮೇಲೆ ಒಂದೇ ದಿನ 180, 200. ಜಿಟಿಜಿಟಿ ಮಳೆ ಅನ್ನುವುದು ಅಪರೂಪವಾಗಿದೆ. ನಮ್ಮೂರಿನದಷ್ಟೇ ಕಥೆ ಅಲ್ಲ ಇದು. ಮಧ್ಯ ಭಾರತದ ಉದ್ದಕ್ಕೂ 1950ರಿಂದ 2015ರ ನಡುವೆ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ ಅಂತ 2017ರಲ್ಲೇ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾರೆ. ಅರಬ್ಬಿ ಸಮುದ್ರ ಬಿಸಿಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ತೇವ ಹೊರಬಲ್ಲದು. ಹೊತ್ತದ್ದನ್ನು ಒಮ್ಮೆಲೇ ಇಳಿಸುತ್ತದೆ. ದಿನಕ್ಕೆ 40 ಮಿ.ಮೀ. ಬಿದ್ದರೆ ಕುಡಿಯುವ ಬೆಟ್ಟ 200 ಬಿದ್ದರೆ ಕುಡಿಯಲಾರದು. ನೀರು ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಓಡುತ್ತದೆ.

ಇದು ಗೊತ್ತಾಗುವ ಮೊದಲು ದುಡ್ಡು ಹೋದ ದಾರಿಗಳನ್ನು ಹೇಳುತ್ತೇನೆ. ಹೊಸಬರಿಗೆ ಅದೇ ಜಾಸ್ತಿ ಉಪಯೋಗ.

ಮೊದಲು ಬೋರು. 2016ರ ಆಸುಪಾಸು. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರು ಬಂದರು, ಜಾಗ ತೋರಿಸಿದರು, ಗಾಡಿ ಬಂತು. 400 ಅಡಿ ದಾಟುವವರೆಗೂ ಧೂಳು. ಆಮೇಲೆ ಎರಡಿಂಚು ನೀರು ಸಿಕ್ಕಿತು. ಕೇಸಿಂಗು, ಮೋಟರು, ವೈರಿಂಗು ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಖರ್ಚು. ಎರಡು ಬೇಸಿಗೆ ನಡೆಯಿತು. ಮೂರನೇ ಬೇಸಿಗೆಗೆ ಹತ್ತು ನಿಮಿಷ ನೀರು, ಅರ್ಧ ಗಂಟೆ ಗಾಳಿ. ಆಚೆ ದಿಬ್ಬದವರೂ ಅಷ್ಟರಲ್ಲಿ ಬೋರು ಹೊಡೆಸಿದ್ದರು. ಅವರದು ನಮಗಿಂತ ಆಳ. ಮೇಲಿನಿಂದ ಇಳಿಯದ ನೀರು ಕೆಳಗೆ ಎಲ್ಲಿಂದ ಬರಬೇಕು, ಅಲ್ವಾ? ಬಂಡೆಯ ಸೀಳಿನಲ್ಲಿ ಹಳೆ ಕಾಲದಿಂದ ನಿಂತದ್ದನ್ನು ಇಬ್ಬರೂ ಸೇರಿ ಖಾಲಿ ಮಾಡಿದೆವು.

ಆಮೇಲೆ ಕೃಷಿಹೊಂಡ. ನಮ್ಮ ಚಿರೆಕಲ್ಲು (ಜಂಬಿಟ್ಟಿಗೆ) ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ ಶೀಟು ಹಾಸಲೇಬೇಕು. ಸಬ್ಸಿಡಿ ಕಳೆದು ಕೈಯಿಂದ ಸುಮಾರು 60 ಸಾವಿರ. ಮೊದಲ ವರ್ಷ ಹೊಂಡ ತುಂಬಿ ನೋಡಲು ಚಂದವಾಗಿತ್ತು. ಎರಡನೇ ವರ್ಷ ಏಡಿ ತೂತು ಮಾಡಿತು. ಮಾರ್ಚಿನಲ್ಲಿ ನೀರು ಹುಡುಕಿ ಬಂದ ಕಾಡುಕೋಣ ಇಳಿದು ಹತ್ತುವಾಗ ಒಂದು ಬದಿಯ ಶೀಟು ಮೇಲಿಂದ ಕೆಳಗಿನವರೆಗೆ ಸೀಳಿತು. ಅಂಟು ಹಚ್ಚಿ ನೋಡಿದೆ, ನಿಲ್ಲಲಿಲ್ಲ. ಈಗ ಆ ಹೊಂಡ ಬಾಳೆ ಹಾಕುವ ಗೊಬ್ಬರಗುಂಡಿಯಾಗಿದೆ.

ಮೂರನೆಯದು ಇಂಗುಗುಂಡಿ. ಎಲ್ಲರೂ ತೋಡಿಸುತ್ತಿದ್ದರು. ನಾನೂ ತೋಡಿಸಿದೆ. ತೋಟದ ಮೇಲಿನ ಬೇಣದಲ್ಲಿ (ಹುಲ್ಲು ಬೆಳೆಯುವ ಜಾಗ), ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಗುಂಡಿಗೆ ಸುಮಾರು 250 ರೂಪಾಯಿಯಂತೆ ಗುತ್ತಿಗೆ. ನೂರರ ಮೇಲೆ ಆಗಿದ್ದವು. ಮೊದಲ ದೊಡ್ಡ ಮಳೆಗೇ ಅರ್ಧಕ್ಕರ್ಧ ಹೂಳು ತುಂಬಿತು. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಗುಂಡಿ ಎಲ್ಲಿತ್ತು ಅಂತ ಹುಡುಕಬೇಕಾಯಿತು. ನುಣ್ಣನೆಯ ಮಣ್ಣು ತಳದಲ್ಲಿ ಕೂತು ಸಿಮೆಂಟಿನ ಹಾಗೆ ಬಿಗಿದಿತ್ತು. ನೀರು ಇಂಗುವ ಗುಂಡಿಯಲ್ಲೇ ನೀರು ನಿಂತು ಸೊಳ್ಳೆ ಮರಿ ಹಾಕಿತು. ಮತ್ತೆ ಹೂಳು ತೆಗೆಸಲು ತೋಡಿದಷ್ಟೇ ಖರ್ಚು. ಊರಲ್ಲಿ ಬಹಳ ಜನ ಇಲ್ಲಿಗೇ ಕೈಬಿಟ್ಟರು. ಇಂಗುಗುಂಡಿ ಸುಮ್ನೆ ಮಾತು ಅಂತ ಈಗಲೂ ಹೇಳುವವರು ಇವರೇ.

ದಾರಿ ತೋರಿಸಿದ್ದು ಬೆಟ್ಟದ ಒಂದು ಮೂಲೆ. ನಮ್ಮ ಬೆಟ್ಟದ ಪಶ್ಚಿಮದ ಕೊನೆಗೆ ಹೋಗಲು ಸರಿಯಾದ ದಾರಿ ಇಲ್ಲ. ದರಕಿನ ಹೊರೆ ಹೊತ್ತು ಬರುವವರು ಸಿಗದೆ ಅಲ್ಲಿ ಗುಡಿಸುವುದು ತಾನಾಗಿ ನಿಂತು ಆರೇಳು ವರ್ಷ ಆಗಿತ್ತು. ಒಂದು ಮಳೆಗಾಲದಲ್ಲಿ, 150 ಮಿ.ಮೀ. ಮೇಲೆ ಬಿದ್ದ ದಿನ, ಬೇಲಿ ನೋಡಲು ಅತ್ತ ಹೋದೆ. ಬೆಟ್ಟದ ಉಳಿದ ಕಡೆ ಸಗಣಿ ಸಾರಿಸಿದ ಅಂಗಳದ ಮೇಲೆ ಹರಿದ ಹಾಗೆ ಕೆಂಪು ನೀರು ಹರಿಯುತ್ತಿತ್ತು. ಆ ಮೂಲೆಯಲ್ಲಿ ನೆಲದ ಮೇಲೆ ನೀರೇ ಇಲ್ಲ. ಕಾಲಿಟ್ಟರೆ ಮೆತ್ತಗೆ. ಅಲ್ಲಿಂದ ಕೆಳಗೆ ಇಳಿಯುವ ಸಣ್ಣ ಸರಿವಿನಲ್ಲಿ ಮಾತ್ರ ತಿಳಿನೀರು.

ಮರುದಿನ ಒಂದು ಪರೀಕ್ಷೆ ಮಾಡಿದೆ. ಇದನ್ನು ಎಲ್ಲರೂ ಮಾಡಿ ನೋಡಬಹುದು, ಖರ್ಚಿಲ್ಲ. ಆರಿಂಚಿನ ಪಿವಿಸಿ ಪೈಪನ್ನು ಒಂದಡಿ ಉದ್ದಕ್ಕೆ ಕತ್ತರಿಸಬೇಕು. ಒಂದು ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಬೇಕು. ಅಡ್ಡ ಮರದ ತುಂಡು ಇಟ್ಟು ಮೇಲಿಂದ ಬಡಿದು ಎರಡಿಂಚು ನೆಲಕ್ಕೆ ಇಳಿಸಬೇಕು. ಒಂದು ಲೀಟರ್ ನೀರು ಸುರಿದು ಮೊಬೈಲಿನಲ್ಲಿ ಗಡಿಯಾರ ಒತ್ತಬೇಕು. ಗುಡಿಸಿದ ಕಡೆ ನೀರು ಇಂಗಲು ಇಪ್ಪತ್ತು ನಿಮಿಷದ ಮೇಲೆ ಹಿಡಿಯಿತು. ದನ ತಿರುಗಾಡುವ ಹಾದಿಯ ಪಕ್ಕ ಅರ್ಧ ಗಂಟೆಯಾದರೂ ತಳದಲ್ಲಿ ನೀರು ಕಾಣುತ್ತಿತ್ತು. ದರಕು ಬಿಟ್ಟ ಮೂಲೆಯಲ್ಲಿ ಸುರಿದು ಕೊಡ ಕೆಳಗಿಡುವಷ್ಟರಲ್ಲಿ ಗುಟುಗುಟು ಸದ್ದು ಮಾಡಿ ಒಂದೆರಡು ನಿಮಿಷದಲ್ಲಿ ಖಾಲಿ. ಅಲ್ಲಿನ ಮಣ್ಣನ್ನು ಕೈಯಲ್ಲಿ ಎತ್ತಿದರೆ ಮೇಲೆ ಈ ವರ್ಷದ ಎಲೆ, ಅದರ ಕೆಳಗೆ ಅರ್ಧ ಕೊಳೆತ ಎಲೆ ಬಿಳಿ ಬೂಷ್ಟಿನ ನೂಲಿನಿಂದ ಹೆಣೆದುಕೊಂಡಿತ್ತು. ಅದರ ಕೆಳಗೆ ಕಪ್ಪು ಮಣ್ಣು, ಎರೆಹುಳದ ತೂತು, ಕೂದಲಿನಂಥ ಬೇರು. ಗುಡಿಸಿದ ಕಡೆ ಮೇಲೆಯೇ ಕೆಂಪು ಜಲ್ಲಿ. ಹನಿ ಹೊಡೆದು ಹೊಡೆದು ಮೇಲ್ಪದರ ಹಪ್ಪಳೆಗಟ್ಟಿದೆ.

ನಮ್ಮ ಜಿಲ್ಲೆಯ ಕಾಡಿನಲ್ಲೇ ವಿಜ್ಞಾನಿಗಳು ಇದನ್ನು ಸರಿಯಾದ ಸಲಕರಣೆ ಇಟ್ಟು ಅಳೆದಿದ್ದಾರೆ, 2010ರ ಸುಮಾರಿಗೆ ಪ್ರಕಟವೂ ಆಗಿದೆ ಅಂತ ಆಮೇಲೆ ತಿಳಿಯಿತು. ಹೆಚ್ಚು ಬಳಕೆಯಾಗಿ ಸವೆದ ಕಾಡಿಗಿಂತ ಕಡಿಮೆ ಮುಟ್ಟಿದ ಕಾಡಿನ ಮಣ್ಣಿಗೆ ನೀರು ಬಹಳ ಬೇಗ ಇಳಿಯುತ್ತದೆ. ನನ್ನ ಪೈಪಿನ ತುಂಡು ಹೇಳಿದ್ದೂ ಇದನ್ನೇ.

ಆ ವರ್ಷದಿಂದ ಬೆಟ್ಟವನ್ನು ಮೂರು ಪಾಲು ಮಾಡಿದೆ. ಅಬ್ಬಿಯ ನೆತ್ತಿಯ ಮೇಲೆ ಬರುವ ಪಾಲನ್ನು ಪೂರ್ತಿ ಬಿಟ್ಟೆ. ದರಕೂ ಇಲ್ಲ, ಸೊಪ್ಪೂ ಇಲ್ಲ. ಎರಡನೇ ಪಾಲಿನಲ್ಲಿ ಮೂರು ವರ್ಷಕ್ಕೊಮ್ಮೆ ಸೊಪ್ಪು ಕಡಿಯುವುದು, ಅದೂ ತುದಿ ಬಿಟ್ಟು. ದರಕು ಮುಟ್ಟುವುದಿಲ್ಲ. ಮೂರನೇ ಪಾಲು, ಕೊಟ್ಟಿಗೆಗೆ ಹತ್ತಿರದ್ದು, ಮೊದಲಿನ ಹಾಗೇ. ನಮ್ಮಲ್ಲಿ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಹಕ್ಕು ಇದೆಯಲ್ಲ, ಎಲ್ಲರಿಗೂ ಅಷ್ಟು ಸಿಕ್ಕಿಲ್ಲದಿದ್ದರೂ ಪಾಲು ಮಾಡುವಷ್ಟು ಜಾಗ ಹೆಚ್ಚಿನವರಿಗೆ ಇದೆ. ಎಲ್ಲ ಬಿಡಬೇಕಾಗಿಲ್ಲ. ಯಾವುದನ್ನು ಬಿಡಬೇಕು ಅನ್ನುವುದು ಮುಖ್ಯ. ಅಬ್ಬಿಗೆ ನೀರು ಬೆಟ್ಟದ ಯಾವ ಭಾಗದಿಂದ ಬರುತ್ತದೆ ಅಂತ ಗುರುತಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬೆಟ್ಟಕ್ಕೆ ಬೆಟ್ಟ ಬೇರೆ, ಓದಿ ಮಾಡಿದರೆ ತಪ್ಪು ಜಾಗ ಹಿಡಿಯುವ ಸಂಭವ ಇದೆ. ಮನೆಗೆ ಬಂದರೆ ತೋರಿಸುತ್ತೇನೆ. ಇಷ್ಟು ಹೇಳಬಲ್ಲೆ: ಅದನ್ನು ನೋಡುವ ಕಾಲ ಜನವರಿ, ಬೆಳಗಿನ ಹೊತ್ತು.

ಕಾಯಿದೆಯ ವಿಷಯ ಒಂದು. ಬೆಟ್ಟ ನಮ್ಮ ಹೆಸರಲ್ಲಿಲ್ಲ. ಸೊಪ್ಪು, ದರಕು ತರುವ ಹಕ್ಕಷ್ಟೇ ನಮ್ಮದು, ನೆಲ ಅರಣ್ಯದ್ದು. ಹಾಗಾಗಿ ಬೆಟ್ಟಕ್ಕೆ ಜೆಸಿಬಿ ತೆಗೆದುಕೊಂಡು ಹೋಗುವ ಯೋಚನೆಯೇ ಬೇಡ. ನಾನು ಅಲ್ಲಿ ಮಾಡಿದ್ದು ಗುಡಿಸದೆ ಬಿಟ್ಟದ್ದು, ಅಷ್ಟೇ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಗುಂಡಿ, ಕಟ್ಟೆ ಎಲ್ಲ ನಮ್ಮ ಮಾಲ್ಕಿ ಜಾಗದಲ್ಲಿ.

ಎರಡನೇ ಮಳೆಗಾಲದಲ್ಲೇ ಒಂದು ಬದಲಾವಣೆ ಕಂಡಿತು. ಮೇಲಿಂದ ಬರುವ ನೀರು ತಿಳಿಯಾಯಿತು. ಆಗ ಹಳೆ ಇಂಗುಗುಂಡಿಗಳನ್ನು ಮತ್ತೆ ತೆಗೆಸಿದೆ, ಎಲ್ಲವನ್ನೂ ಅಲ್ಲ, ಮೂವತ್ತೋ ಮೂವತ್ತೈದೋ. ಈ ಸಲ ಹೂಳು ತುಂಬಲಿಲ್ಲ. ಕೆಸರು ತರುವ ನೀರಿಗೆ ಗುಂಡಿ ತೋಡಿದರೆ ದುಡ್ಡು ಹೂಳಿನಲ್ಲಿ ಹೋಗುತ್ತದೆ. ಮೇಲಿನ ನೀರು ತಿಳಿಯಾದ ಮೇಲೆ ತೋಡಿದರೆ ಅದೇ ಗುಂಡಿ ನಾಲ್ಕು ವರ್ಷ ಬಾಳುತ್ತದೆ. ಗುಂಡಿಯೊಳಗೂ ಒಂದು ಪದರ ದರಕು ತುಂಬುತ್ತೇನೆ, ತಳ ಬಿಗಿಯುವುದಿಲ್ಲ. ಹಳ್ಳಕ್ಕೆ ಇಳಿಯುವ ಸರಿವಿನಲ್ಲಿ ಮೊಣಕಾಲೆತ್ತರದ ಕಲ್ಲಿನ ತಡೆ ಕಟ್ಟಿದೆ. ಗಾರೆ ಇಲ್ಲ, ಬರೀ ಒಣಕಲ್ಲು. ನೀರು ಸಂದಿಯಿಂದ ಹೋಗಬೇಕು, ಓಟ ಮಾತ್ರ ಮುರಿಯಬೇಕು.

ಇನ್ನು ಭಯದ ಮಾತು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಮಣ್ಣಿನಡಿ ಹೋದವು. 2018ರಲ್ಲಿ ಕೊಡಗು ನೋಡಿದ್ದೇವೆ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರು. ಕಳಚೆಯ ನಂತರ ನಮ್ಮ ಮನೆಯಲ್ಲೇ ಗುಂಡಿ ಮುಚ್ಚಿಸು ಅನ್ನುವ ಒತ್ತಾಯ ಬಂತು. ಅದರಲ್ಲಿ ಅರ್ಥ ಇದೆ. ನಮ್ಮ ಘಟ್ಟದಲ್ಲಿ ಮೇಲೆ ಚಿರೆಕಲ್ಲು, ಅದರ ಕೆಳಗೆ ಶೇಡಿ, ಅಂದರೆ ಮೆತ್ತನೆಯ ಜೇಡಿ ಮಣ್ಣು. ಶೇಡಿ ನೀರು ಕುಡಿದರೆ ಬೆಣ್ಣೆಯಾಗಿ ಜಾರುತ್ತದೆ. ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದೆ ಧರೆ (ಗುಡ್ಡದ ಮಣ್ಣಿನ ಗೋಡೆ) ಕಡಿದ ಕಡೆ, ಮೇಲೆ ಗುಂಡಿ ತೋಡಿ ನೀರು ನಿಲ್ಲಿಸುವುದು ಅಪಾಯ. ಅಲ್ಲಿ ಒಂದು ಗುಂಡಿಯೂ ಬೇಡ. ನಾನು ಧರೆಯ ಮಣ್ಣನ್ನು ನೋಡಿ, ಹಳೆ ಬಾವಿಯ ಗೋಡೆಯಲ್ಲಿ ಶೇಡಿ ಎಷ್ಟು ಅಡಿಗೆ ಶುರುವಾಗುತ್ತದೆ ನೋಡಿ, ಮೇಲಿನ ಸಮತಟ್ಟು ಜಾಗದಲ್ಲಿ ಮಾತ್ರ ಗುಂಡಿ ಉಳಿಸಿಕೊಂಡೆ. ಇಳಿಜಾರಿನಲ್ಲಿದ್ದ ಹತ್ತು ಹನ್ನೆರಡನ್ನು ಮುಚ್ಚಿಸಿದೆ. ಪ್ರತಿ ಗುಂಡಿಗೂ ನೀರು ಉಕ್ಕಿದರೆ ಹೋಗಲು ಒಂದು ಬಾಯಿ ಇದೆ, ಅದು ಕಲ್ಲು ಹಾಸಿದ ಸರಿವಿಗೆ ಸೇರುತ್ತದೆ. ನೆಲದಲ್ಲಿ ಬಿರುಕು ಕಂಡರೆ, ಇಲ್ಲದ ಕಡೆ ಕೆಸರುನೀರು ಉಕ್ಕಿದರೆ, ಮರ ಒಂದೇ ಕಡೆ ವಾಲಿದರೆ ಆ ದಿನವೇ ಮನೆ ಬಿಡಬೇಕು. ಇದನ್ನು ಮಕ್ಕಳಿಗೂ ಹೇಳಿಟ್ಟಿದ್ದೇನೆ.

ದರಕು ಬಿಟ್ಟ ಮೇಲೆ ತೋಟಕ್ಕೆ ಏನು ಹಾಕಿದಿರಿ ಅಂತ ಕೇಳುತ್ತೀರಿ. ತೋಟದ್ದನ್ನೇ ಹಾಕಿದೆ. ಎಕರೆ ತೋಟದಿಂದ ವರ್ಷಕ್ಕೆ ಬೀಳುವ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಸಣ್ಣ ರಾಶಿಯಲ್ಲ. ಸಿಪ್ಪೆಯನ್ನು ನಾವು ರಸ್ತೆಗೆ ಸುರಿದು ಬೆಂಕಿ ಹಚ್ಚುತ್ತಿದ್ದೆವು. ಈಗ ಒಂದು ಚಾಪ್‌ಕಟರ್ ತಂದೆ. ಸಬ್ಸಿಡಿಯಲ್ಲಿ ನನ್ನ ಪಾಲು ಇಪ್ಪತ್ತೈದು ಸಾವಿರದ ಹತ್ತಿರ. ಸೋಗೆ ಕೊಚ್ಚಿ, ಸಿಪ್ಪೆ ಸೇರಿಸಿ, ಸಗಣಿನೀರು ಚಿಮುಕಿಸಿ ಬಿಟ್ಟರೆ ಐದಾರು ತಿಂಗಳಿಗೆ ಮುರಿಯುತ್ತದೆ. ಬರೀ ಸಿಪ್ಪೆಯಾದರೆ ವರ್ಷವಾದರೂ ನಾರು ನಾರಾಗಿಯೇ ಉಳಿಯುತ್ತದೆ, ಅದಕ್ಕೆ ಹಸಿ ಸೊಪ್ಪು ಸೇರಬೇಕು. ಬೇಲಿಯ ಗೊಬ್ಬರದ ಗಿಡ ಆ ಕೆಲಸಕ್ಕೆ ಸಾಕು. ದರಕು ಹೊರುವವರಿಗೆ ಕೊಡುತ್ತಿದ್ದ ಕೂಲಿ ವರ್ಷಕ್ಕೆ 18ರಿಂದ 20 ಸಾವಿರ ಆಗುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಉಳಿಯಿತು. ಮೆಷಿನ್ನಿನ ದುಡ್ಡು ಎರಡು ವರ್ಷಕ್ಕೆ ವಾಪಸ್. ಮೊದಲ ವರ್ಷ ಇಳುವರಿ ಒಂದು ಕ್ವಿಂಟಲ್‌ನಷ್ಟು ಇಳಿಯಿತು, ಆಗ ಊರವರು "ನಾವು ಹೇಳಿರಲಿಲ್ವಾ" ಅಂದರು. ಮೂರನೇ ವರ್ಷ ಸರಿಯಾಯಿತು. ಈಗ ಎಕರೆಗೆ ಹನ್ನೊಂದು ಕ್ವಿಂಟಲ್ ಚಾಲಿಯ (ಒಣಗಿಸಿ ಸುಲಿದ ಅಡಿಕೆ) ಆಸುಪಾಸು ಇದೆ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ.

ಬೆಂಕಿ ನಿಜವಾದ ತಲೆನೋವು. ದರಕು ಬಿಟ್ಟ ಬೆಟ್ಟಕ್ಕೆ ಫೆಬ್ರವರಿ-ಮಾರ್ಚಿನಲ್ಲಿ ಒಂದು ಬೀಡಿ ಸಾಕು. ಒಮ್ಮೆ ಆಚೆ ಬದಿಯಿಂದ ಬಂದ ಬೆಂಕಿ ಎರಡನೇ ಪಾಲಿನ ಅರ್ಧ ಎಕರೆ ತಿಂದಿತು. ಆ ಜಾಗದಲ್ಲಿ ಪೈಪಿಟ್ಟು ನೋಡಿದರೆ ಮತ್ತೆ ಹತ್ತು ಹದಿನೈದು ನಿಮಿಷ. ನಾಲ್ಕು ವರ್ಷದ ಕೆಲಸ ಒಂದು ಮಧ್ಯಾಹ್ನಕ್ಕೆ ಹೋಯಿತು. ಅಲ್ಲಿಂದ ಜನವರಿ ಕೊನೆಗೇ ಬೆಟ್ಟದ ಸುತ್ತ ಹತ್ತು ಹನ್ನೆರಡು ಅಡಿ ಅಗಲಕ್ಕೆ ಗುಡಿಸಿ ಬೆಂಕಿರೇಖೆ ಮಾಡುತ್ತೇವೆ. ಗುಡಿಸಿದ ದರಕು ಕೊಟ್ಟಿಗೆಗೆ ಬರುತ್ತದೆ. ನಾಲ್ಕು ಮನೆಯವರು ಸೇರಿ ಮಾಡಿದರೆ ಎರಡು ದಿನದ ಕೆಲಸ.

ಮಳೆಯ ರೀತಿ ಬದಲಾದದ್ದು ಬರೀ ನೀರಿನ ಸಮಸ್ಯೆ ಅಲ್ಲ. ಕೊಳೆ ಔಷಧಿಯನ್ನೇ ನೋಡಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ಅದಕ್ಕೂ ಮೊದಲು ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್, ಆ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ಬದಲಾದದ್ದು ಹೊಡೆಯುವ ದಿನ. ಮಳೆ ಹಿಡಿಯುವ ಮೊದಲು ಒಂದು, ಅದಾಗಿ 40-45 ದಿನಕ್ಕೆ ಇನ್ನೊಂದು ಅನ್ನುವುದು ಎಲ್ಲರಿಗೂ ಬಾಯಿಪಾಠ. ಈಗ ಜೂನ್ ಒಣಗುತ್ತದೆ, ಜುಲೈ ಮಧ್ಯದಿಂದ ಬಿಡುವಿಲ್ಲದೆ ಹೊಡೆಯುತ್ತದೆ. ಎರಡನೇ ಔಷಧಿಯ ಹೊತ್ತಿಗೆ ಮರ ಹತ್ತುವ ಹಾಗಿರುವುದಿಲ್ಲ. ನಾನು ದಿನ ಎಣಿಸುವುದನ್ನು ಬಿಟ್ಟು ಮಿ.ಮೀ. ಎಣಿಸುತ್ತೇನೆ. ಮೊದಲ ಔಷಧಿಯ ಮೇಲೆ ಸುಮಾರು 900 ಮಿ.ಮೀ. ಬಿದ್ದಿತು ಅಂದರೆ ಅದು ತೊಳೆದುಹೋಯಿತು ಅಂತ ಲೆಕ್ಕ. ಮೂವತ್ತನೇ ದಿನವೇ ಆಗಿರಲಿ, ಮೊದಲ ಬಿಸಿಲಿಗೆ ಎರಡನೆಯದು. ದೋಟಿಯಲ್ಲಿ (ಉದ್ದ ಕೋಲು) ನೆಲದಿಂದಲೇ ಹೊಡೆಯುವುದರಿಂದ ಮರ ಹತ್ತುವ ಕೊನೆಗೌಡನಿಗೆ ಕಾಯಬೇಕಿಲ್ಲ, ಮಳೆ ಬಿಟ್ಟು ಮೂರು ತಾಸು ಹೊಳವಾದರೂ ಕೆಲಸ ಆಗುತ್ತದೆ. ಔಷಧಿ ಕಾಯಿಗೆ ಹಿಡಿದು ನಿಲ್ಲಲು ಹಾಕುವ ಅಂಟಿಗೆ ಪೇಟೆಯ ಡಬ್ಬಿ ತರುವುದಿಲ್ಲ, ಮನೆಯಲ್ಲೇ ಸಿಗುವ ಒಂದನ್ನು ಹಾಕುತ್ತೇನೆ. ಅದು ಯಾವುದು ಅಂತ ಕೇಳಬೇಡಿ, ಇನ್ನೊಂದು ವರ್ಷ ನೋಡಿ ಹೇಳುತ್ತೇನೆ. 2024ರ ಮಳೆಗಾಲದಲ್ಲಿ ಸುತ್ತಲಿನವರಿಗೆ ಕೊಳೆಯಿಂದ ಕಾಲುಭಾಗದ ಮೇಲೆ ಹೋಯಿತು, ನಮ್ಮದು ಹತ್ತರಲ್ಲಿ ಒಂದರಷ್ಟು.

ಬೆಳೆವಿಮೆ ಎಲ್ಲರೂ ಕಟ್ಟುತ್ತೇವೆ. ಅದು ಪಂಚಾಯ್ತಿಯ ಮಳೆಮಾಪಕದ ಅಂಕೆಯ ಮೇಲೆ ನಡೆಯುತ್ತದೆ. ಆ ಮಾಪಕ ನಮ್ಮ ಕಣಿವೆಯ ಆಚೆ ಬದಿಯಲ್ಲಿದೆ. ನಮ್ಮ ಅಂಗಳದಲ್ಲಿ 160 ಬಿದ್ದ ದಿನ ಅಲ್ಲಿ 70 ಅಂತ ತೋರಿಸಿದ್ದುಂಟು. ಒಂದು ಬೆಟ್ಟದ ಎರಡು ಮಗ್ಗುಲಿನ ಮಳೆ ಒಂದೇ ಅಲ್ಲ. ನಾನು ನನ್ನ ಡೈರಿಯ ಹಾಳೆಗಳನ್ನು ಫೋಟೊ ತೆಗೆದು ಒಮ್ಮೆ ಕೊಟ್ಟೆ, ಅದು ಲೆಕ್ಕಕ್ಕೆ ಬರುವುದಿಲ್ಲ ಅಂದರು. ಆದರೂ ಬರೆಯುತ್ತಿದ್ದೇನೆ, ನನ್ನ ಔಷಧಿಯ ದಿನ ನಿಶ್ಚಯಿಸಲು ಅದೇ ಬೇಕು.

ಕಾಳುಮೆಣಸಿನಲ್ಲೂ ಒಂದು ಪ್ರಯೋಗ ನಡೆಯುತ್ತಿದೆ. ಮಲ್ಲಿಸರ ತಳಿಯ ಬಳ್ಳಿಗಳನ್ನು ಎರಡನೇ ಪಾಲಿನ ಅಂಚಿನಲ್ಲಿ, ದರಕು ದಪ್ಪಗೆ ಬಿದ್ದ ಕಡೆ, ಮಾಲ್ಕಿ ಜಾಗದ ಮರಗಳಿಗೆ ಹಬ್ಬಿಸಿದೆ. ತೋಟದೊಳಗಿನ ಪಣಿಯೂರು ತಳಿಯ ಬಳ್ಳಿಗಳು 2019ರ ಆಗಸ್ಟ್ ಮಳೆಗೆ ಸೊರಗಿ ಅರ್ಧ ಹೋಗಿದ್ದವು. ಅಂಚಿನ ಮಲ್ಲಿಸರ ಒಂದೆರಡು ಬಿಟ್ಟರೆ ಎಲ್ಲ ಉಳಿದಿವೆ. ನೀರು ಬುಡದಲ್ಲಿ ನಿಲ್ಲದೆ ಇಳಿಯುವುದೇ ಕಾರಣ ಅಂತ ನನ್ನ ನಂಬಿಕೆ. ತಳಿಯ ಗುಣವೂ ಇರಬಹುದು. ಮೇ ಕೊನೆಗೆ ಮಳೆ ಕೈಕೊಟ್ಟರೆ ಕರೆ (ಮೆಣಸಿನ ಹೂಗೊಂಚಲು) ಬಿಡುವುದು ಹಿಂದುಮುಂದಾಗುತ್ತದೆ, ಆಗ ಅಬ್ಬಿಯ ನೀರನ್ನೇ ಒಂದೆರಡು ಸಲ ಬಳ್ಳಿಯ ಮೇಲೆ ತುಂತುರು ಹಾರಿಸುತ್ತೇನೆ. ಎರಡು ವರ್ಷ ಕರೆ ಒಟ್ಟಿಗೆ ಬಂತು. ಮೂರನೇ ವರ್ಷ ತುಂತುರಾದ ಮೇಲೆ ಹದಿನೈದು ದಿನ ಮಳೆ ಬಾರದೆ ಬಂದ ಕರೆ ಉದುರಿತು. ಇದು ಇನ್ನೂ ಕುದುರಿಲ್ಲ.

ಚಾಲಿ ಒಣಗಿಸುವುದೂ ಹಾಗೇ. ಮೊದಲು ದೀಪಾವಳಿ ಕಳೆದರೆ ಅಂಗಳ ನಂಬಬಹುದಿತ್ತು. ಈಗ ಡಿಸೆಂಬರ್‌ನಲ್ಲೂ ಮೋಡ. 40 ದಿನದ ಬಿಸಿಲು ಬೇಕಾದ ಅಡಿಕೆಗೆ ನಡುವೆ ಎರಡು ಮಳೆ ಬಿದ್ದರೆ ಬಣ್ಣ ಹೋಯಿತು, ಕ್ವಿಂಟಲಿಗೆ ಮೂರು ನಾಲ್ಕು ಸಾವಿರ ಕಡಿಮೆ. ಜಿಐ ಪೈಪಿನ ಪಾಲಿಹೌಸ್ ಕಟ್ಟಿಸಿದೆ, 90 ಸಾವಿರದ ಮೇಲೆ ಬಿತ್ತು. ಒಳ್ಳೆಯದೇ. ಅದರ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಹೊಸತೇನೂ ಸೇರಿಸಲಾರೆ.

ಅಬ್ಬಿಯ ಲೆಕ್ಕಕ್ಕೆ ಬರುತ್ತೇನೆ. ನಾನು ಅಳೆಯುವುದು ಹತ್ತು ಲೀಟರಿನ ಬಕೆಟ್ಟಿನಲ್ಲಿ, ತಿಂಗಳ ಒಂದನೇ ತಾರೀಖು ಬೆಳಿಗ್ಗೆ. 2017ರಲ್ಲಿ ಜನವರಿಗೆ ಬಕೆಟ್ ತುಂಬಲು ಒಂದು ನಿಮಿಷ, ಮಾರ್ಚಿಗೆ ನೀರೇ ಇಲ್ಲ. 2020ರ ಮಾರ್ಚಿನಲ್ಲಿ ಎರಡು ನಿಮಿಷದ ಸುಮಾರು. 2022, 2023ರಲ್ಲಿ ಮಾರ್ಚಿನಲ್ಲಿ ಅರ್ಧ ನಿಮಿಷ, ಏಪ್ರಿಲ್ ಕೊನೆಗೆ ಮುಕ್ಕಾಲು. ಬರದ 2024ರಲ್ಲಿ ಏಪ್ರಿಲ್ ಒಂದಕ್ಕೆ ಒಂದೂಕಾಲು ನಿಮಿಷ. ನಿಮಿಷಕ್ಕೆ ಎಂಟು ಲೀಟರ್ ಅಂದರೆ ಕಡಿಮೆ ಅನ್ನಿಸಬಹುದು. ಹಗಲೂ ರಾತ್ರಿಯೂ ಬರುತ್ತದೆ ನೋಡಿ. ದಿನಕ್ಕೆ 11 ಸಾವಿರ ಲೀಟರ್. ಚಿರೆಕಲ್ಲಿನ ತೊಟ್ಟಿಯಲ್ಲಿ ಹಿಡಿದು, ಮರಕ್ಕೆ ದಿನಕ್ಕೆ 12-15 ಲೀಟರಿನಂತೆ ಹನಿ ನೀರಾವರಿ ಕೊಟ್ಟರೆ ಒಂದೂವರೆ ಎಕರೆಯ ಸುಮಾರು 800 ಮರಗಳಿಗೆ ಸರಿಯಾಗುತ್ತದೆ. ಇಳಿಜಾರಿನ ನೀರು, ಕರೆಂಟೂ ಬೇಡ. ಆ ಬೇಸಿಗೆ ಪಕ್ಕದ ತೋಟಕ್ಕೆ ಟ್ಯಾಂಕರಿನ ನೀರಿಗೇ ಐವತ್ತು ಸಾವಿರದ ಮೇಲೆ ಹೋಯಿತು. ಅದು ಮರ ಉಳಿಸಲು ಸಾಕಾಯಿತು, ಫಸಲಿಗಲ್ಲ.

ಖರ್ಚು ಹೇಳುವುದಾದರೆ: ಗುಂಡಿಗೆ ಎರಡು ಸಲ ಸೇರಿ 35 ಸಾವಿರ, ಕಲ್ಲಿನ ತಡೆಗೆ 12, ತೊಟ್ಟಿ ರಿಪೇರಿ, ಪೈಪು, ಡ್ರಿಪ್ ಸೇರಿ 70ರ ಹತ್ತಿರ, ಚಾಪ್‌ಕಟರ್ 25, ಬೆಂಕಿರೇಖೆಗೆ ವರ್ಷಕ್ಕೆ ನನ್ನ ಪಾಲು ಎರಡೂವರೆ ಸಾವಿರ. ಒಂದೂವರೆ ಲಕ್ಷ ದಾಟಿತು ಅಂತಿಟ್ಟುಕೊಳ್ಳಿ. ಬತ್ತಿದ ಬೋರಿಗೆ ಹೋದದ್ದಕ್ಕಿಂತ ಕಡಿಮೆ. ಇದರಲ್ಲಿ ಅಬ್ಬಿಯನ್ನು ನಿಜವಾಗಿ ಉಳಿಸಿದ್ದು ದರಕು, ಅದಕ್ಕೆ ಖರ್ಚೇ ಇಲ್ಲ.

ಬೆಟ್ಟವನ್ನು ಅಕೇಶಿಯಾ ಆವರಿಸಿದ ಕಡೆ ಇದು ಇಷ್ಟು ಬೇಗ ಆಗುವುದಿಲ್ಲ ಅಂತ ಕಾಣುತ್ತದೆ. ಅದರ ದರಕು ಕೊಳೆಯಲು ತಡ, ಅಡಿಯಲ್ಲಿ ಬೇರೆ ಗಿಡ ಏಳುವುದಿಲ್ಲ. ಪಕ್ಕದ ಮನೆಯವರ ಬೆಟ್ಟ ಹೆಚ್ಚುಕಡಿಮೆ ಅಂಥದ್ದೇ. ಮೊನ್ನೆ ಅವರ ಮಗನ ಜೊತೆ ಹೋಗಿ ಪೈಪು ಬಡಿದು ನೋಡಿದೆವು. ಮೂರು ಕಡೆಯೂ ಹದಿನೈದು ನಿಮಿಷದ ಮೇಲೆ. ನೆತ್ತಿಯಲ್ಲಿ ಒಂದಿಷ್ಟು ಹಳೆ ಮತ್ತಿ, ಹೊನ್ನೆ, ಕಿಂದಳ ಉಳಿದಿವೆ. ಈ ವರ್ಷ ಅಲ್ಲಿಂದಲೇ ಬಿಡಲು ಶುರು ಮಾಡು ಅಂದಿದ್ದೇನೆ. ಜನವರಿಯಲ್ಲಿ ಇಬ್ಬರೂ ಸೇರಿ ಬೆಂಕಿರೇಖೆ ತೆಗೆಯುತ್ತೇವೆ. ಪೈಪಿನ ತುಂಡು ಸದ್ಯಕ್ಕೆ ಅವನ ಹತ್ತಿರವೇ ಇದೆ.